ಮಗು ಅಜ್ಜಿಯ ಬಳಿ, ನಾವಿಬ್ಬರೂ ಲಂಡನ್ನಿನ ಸಂಗೀತ ನಾಟಕಕ್ಕೆ: ಯಾವುದು, ಯಾವಾಗ, ಯಾವ ಸೀಟು?

ಪ್ರಶ್ನೆ: ನಾವು ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಪಟ್ಟಣದಲ್ಲಿದ್ದೇವೆ. ಮಗನಿಗೆ ಎರಡೂವರೆ ವರ್ಷ. ಅವನು ಹುಟ್ಟಿದ ಮೇಲೆ ನಾನೂ ಪತಿಯೂ ಇಬ್ಬರೇ ಒಂದು ಸಂಜೆಯೂ ಹೊರಗೆ ಹೋದದ್ದಿಲ್ಲ. ಈಗ ದಾವಣಗೆರೆಯಿಂದ ಅತ್ತೆ ಬಂದಿದ್ದಾರೆ. ಮಗ ಅವರಿಗೆ ಚೆನ್ನಾಗಿ ಹೊಂದಿಕೊಂಡಿದ್ದಾನೆ, ಅವರ ಜೋಗುಳಕ್ಕೇ ಮಲಗುತ್ತಾನೆ. "ಒಂದು ದಿನ ಹೋಗಿ ಬನ್ನಿ, ನಾನಿದ್ದೇನಲ್ಲ" ಎಂದು ಅವರೇ ಒತ್ತಾಯಿಸುತ್ತಿದ್ದಾರೆ. ಲಂಡನ್ನಿನ ರಂಗಮಂದಿರಗಳ ಪ್ರದೇಶವಾದ ವೆಸ್ಟ್ ಎಂಡಿನಲ್ಲಿ ಮ್ಯೂಸಿಕಲ್, ಅಂದರೆ ಸಂಗೀತ ನಾಟಕ, ಒಂದನ್ನು ನೋಡಬೇಕೆಂಬುದು ನನ್ನ ಹಳೆಯ ಆಸೆ. ಯಾವುದನ್ನು ನೋಡಲಿ? ಮಗುವನ್ನೂ ಕರೆದುಕೊಂಡು ಹೋಗಬಹುದೆ? ಟಿಕೆಟ್ ಬಹಳ ದುಬಾರಿಯೆ? ಹಾಡಿನ ಇಂಗ್ಲಿಷ್ ಅರ್ಥವಾಗದಿದ್ದರೆ ಏನು ಮಾಡುವುದು? ನನ್ನ ಪತಿ ಕತ್ತಲಲ್ಲಿ ಕುಳಿತರೆ ನಿದ್ದೆ ಹೋಗುವವರು. ರೇಷ್ಮೆ ಸೀರೆ ಉಟ್ಟು ಹೋದರೆ ಆಭಾಸವಾದೀತೆ? ಮುಂದೆ ಅತ್ತೆಯವರನ್ನೂ ಒಮ್ಮೆ ಕರೆದೊಯ್ಯಬೇಕು. ಅವರಿಗೆ ಮಂಡಿನೋವು ಇದೆ.

ಉತ್ತರ: ಮೊದಲು ಮಗುವಿನ ಮಾತನ್ನು ಮುಗಿಸಿಬಿಡೋಣ. ಬೇಡ, ಕರೆದೊಯ್ಯಬೇಡಿ. ವೆಸ್ಟ್ ಎಂಡಿನ ದೊಡ್ಡ ಸಂಗೀತ ನಾಟಕಗಳಲ್ಲಿ ಹೆಚ್ಚಿನವು ಮೂರು ವರ್ಷ ತುಂಬದವರನ್ನು ಒಳಗೇ ಬಿಡುವುದಿಲ್ಲ. ಕೆಲವು ಕಡೆ ಈ ಮಿತಿ ನಾಲ್ಕು ಅಥವಾ ಐದು ವರ್ಷ. ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ ಎಂದರೂ ನಡೆಯುವುದಿಲ್ಲ, ತಲೆಗೊಂದು ಟಿಕೆಟ್ ಬೇಕು. ಬಾಗಿಲಲ್ಲಿ ನಿಂತು ಈ ನಿಯಮವನ್ನು ಹೇಳಬೇಕಾದವರಲ್ಲಿ ನಾನೂ ಒಬ್ಬಳು. ಇಲ್ಲಿನ ರಂಗಮಂದಿರವೊಂದರಲ್ಲಿ ಪ್ರೇಕ್ಷಕರ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ದೂರದಿಂದ ರೈಲು ಹತ್ತಿ ಬಂದ ದಂಪತಿಗೆ ಮಗುವನ್ನು ಒಳಗೆ ಬಿಡಲಾಗದು ಎಂದು ಹೇಳುವುದು ಆ ಕೆಲಸದ ಅತ್ಯಂತ ಬೇಸರದ ಭಾಗ. ಟಿಕೆಟ್ ಕೊಳ್ಳುವಾಗ ವಯಸ್ಸಿನ ಸಾಲನ್ನು ಯಾರೂ ಓದುವುದಿಲ್ಲ.

ನಿಮ್ಮ ಅತ್ತೆಯವರಿಗೆ ಇದು ವಿಚಿತ್ರವೆನಿಸಬಹುದು. ದಾವಣಗೆರೆ ಎಂದರೆ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ನಮ್ಮ ಕಂಪನಿ ನಾಟಕಗಳಿಗೆ ಜನ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡೇ ಹೋಗುತ್ತಿದ್ದರು. ಮಗು ನಿದ್ದೆ ಹೋದರೆ ಪಕ್ಕದಲ್ಲೇ ಮಲಗಿಸುವುದು, ಅತ್ತರೆ ಎದ್ದು ಟೆಂಟಿನ ಬಾಗಿಲ ತನಕ ಹೋಗಿ ಬರುವುದು, ಅಷ್ಟರಲ್ಲಿ ಹಾಸ್ಯದ ಸೀನು ಶುರುವಾದರೆ ಓಡಿ ಬಂದು ಕೂರುವುದು. ರಾತ್ರಿಯಿಡೀ ನಡೆಯುವ ಆಟಕ್ಕೆ ಅದೇ ಸರಿ. ಇಲ್ಲಿನ ಆಟ ಎರಡೂವರೆ ತಾಸಿನದು. ಪ್ರತಿ ನಟನ ಕೂದಲಿನಲ್ಲಿ ಮೈಕ್ ಅಡಗಿರುತ್ತದೆ, ಬೆಳಕು ಹತ್ತುವುದರಿಂದ ಹಿಡಿದು ದೃಶ್ಯ ಬದಲಾಗುವುದರವರೆಗೆ ಎಲ್ಲವೂ ಸೆಕೆಂಡಿನ ಲೆಕ್ಕದಲ್ಲಿ ನಡೆಯುತ್ತದೆ. ಒಂದು ಮಗು ಅತ್ತರೆ ಸಾವಿರ ಜನ ತಿರುಗಿ ನೋಡುತ್ತಾರೆ, ತಾಯಿ ಬೆವರುತ್ತಾಳೆ.

ಆದ್ದರಿಂದ ಈ ಸಂಜೆ ನಿಮ್ಮಿಬ್ಬರದು. ಹಾಗಿದ್ದ ಮೇಲೆ ಮಕ್ಕಳ ನಾಟಕವನ್ನು ಆರಿಸಿಕೊಳ್ಳುವ ಗೋಜಿಗೂ ಹೋಗಬೇಡಿ. ಮನೆಯಲ್ಲಿ ಮಗು ಇರುವವರು ಅಭ್ಯಾಸಬಲದಿಂದ ಮಕ್ಕಳಿಗೆ ಹೊಂದುವುದನ್ನೇ ಹುಡುಕುವುದನ್ನು ನೋಡಿದ್ದೇನೆ. 'ಮಟಿಲ್ಡಾ', 'ದಿ ಲಯನ್ ಕಿಂಗ್' ಎರಡೂ ಒಳ್ಳೆಯ ನಾಟಕಗಳೇ. ಮಗನಿಗೆ ಏಳೆಂಟು ವರ್ಷವಾದಾಗ ಅವನ ಜೊತೆ ನೋಡುವ ಸಂತೋಷವನ್ನು ಈಗಲೇ ಖರ್ಚು ಮಾಡಬೇಡಿ. ಆಗ ಹಣವೂ ಉಳಿಯುತ್ತದೆ. ಪ್ರತಿ ಬೇಸಗೆಯಲ್ಲಿ ಲಂಡನ್ ರಂಗಭೂಮಿಯವರ ಕಿಡ್ಸ್ ವೀಕ್ ಎಂಬ ಯೋಜನೆ ಇರುತ್ತದೆ. ದೊಡ್ಡವರೊಬ್ಬರು ಪೂರ್ತಿ ಬೆಲೆಯ ಟಿಕೆಟ್ ಕೊಂಡರೆ ಜೊತೆಗೆ 17 ವರ್ಷದವರೆಗಿನ ಒಬ್ಬರಿಗೆ ಉಚಿತ.

ಇನ್ನು ಯಾವ ನಾಟಕ ಎಂಬ ಪ್ರಶ್ನೆ. ಎಲ್ಲರೂ ಹೆಸರಿನಿಂದ ಶುರು ಮಾಡುತ್ತಾರೆ. ಮನೆಯಲ್ಲಿ ಚಿಕ್ಕ ಮಗು ಇರುವವರು ಗಡಿಯಾರದಿಂದ ಶುರು ಮಾಡಬೇಕು ಎಂಬುದು ನನ್ನ ಹಟ. ಎಷ್ಟು ಹೊತ್ತಿಗೆ ಮನೆ ಬಿಡಬೇಕು, ಮಧ್ಯಂತರ ಯಾವಾಗ, ಎಷ್ಟಕ್ಕೆ ಮುಗಿಯುತ್ತದೆ, ಬಾಗಿಲಿನಿಂದ ಸ್ಟೇಷನ್ನಿಗೆ ಎಷ್ಟು ದೂರ ಎಂಬ ಈ ನಾಲ್ಕು ಗೊತ್ತಿಲ್ಲದೆ ಟಿಕೆಟ್ ಕೊಂಡವರು ಕೊನೆಯ ಹಾಡಿನ ಹೊತ್ತಿಗೆ ನಾಟಕ ನೋಡುತ್ತಿರುವುದಿಲ್ಲ, ರೈಲಿನ ವೇಳಾಪಟ್ಟಿ ನೋಡುತ್ತಿರುತ್ತಾರೆ. ಮೊಬೈಲಿನ ನೀಲಿ ಬೆಳಕು ಅವರ ಮುಖದ ಮೇಲೆ ಬಿದ್ದಿರುವುದು ನಮಗೆ ಹಿಂದಿನಿಂದ ಕಾಣುತ್ತದೆ.

ಸ್ಲೌದವರಿಗೆ ಒಂದು ದೊಡ್ಡ ಅನುಕೂಲವಿದೆ. 2022ರಿಂದ ಎಲಿಜಬೆತ್ ಮಾರ್ಗದ ರೈಲು ನಿಮ್ಮ ಊರಿನಿಂದ ನೇರವಾಗಿ, ಎಲ್ಲೂ ಬದಲಿಸದೆ, ಟಾಟೆನ್‌ಹ್ಯಾಮ್ ಕೋರ್ಟ್ ರೋಡ್ ಸ್ಟೇಷನ್ನಿಗೆ ಬರುತ್ತದೆ. ಸುಮಾರು ಮುಕ್ಕಾಲು ಗಂಟೆಯ ಪ್ರಯಾಣ ಎಂದಿಟ್ಟುಕೊಳ್ಳಿ. ವೆಸ್ಟ್ ಎಂಡಿನ ಅರ್ಧದಷ್ಟು ರಂಗಮಂದಿರಗಳು ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿವೆ. 'ಲೆ ಮಿಸರಾಬ್ಲ್' ನಡೆಯುವ ಸೋಂಡ್‌ಹೈಮ್, 'ಮಟಿಲ್ಡಾ' ನಡೆಯುವ ಕೇಂಬ್ರಿಜ್ ಬಹಳ ಹತ್ತಿರ. 'ಮಮ್ಮಾ ಮಿಯಾ' ಇರುವ ನೊವೆಲ್ಲೊ, 'ಸಿಕ್ಸ್' ಇರುವ ವಾಡೆವಿಲ್, 'ಫ್ಯಾಂಟಮ್ ಆಫ್ ದಿ ಆಪೆರಾ' ಇರುವ ಹಿಸ್ ಮೆಜೆಸ್ಟೀಸ್ ಸ್ವಲ್ಪ ದೂರ, ಇಪ್ಪತ್ತು ನಿಮಿಷದ ನಡಿಗೆ. 'ವಿಕೆಡ್' ಮತ್ತು 'ಹ್ಯಾಮಿಲ್ಟನ್' ಮಾತ್ರ ವಿಕ್ಟೋರಿಯಾ ಸ್ಟೇಷನ್ನಿನ ಬಳಿ. ಅಲ್ಲಿಗೆ ಮಧ್ಯೆ ಇನ್ನೊಂದು ರೈಲು ಹಿಡಿಯಬೇಕು. ಮೊದಲ ಸಲಕ್ಕೆ ಆ ಎರಡನ್ನು ಬದಿಗಿಡಿ. ನಾಟಕದ ಗುಣಕ್ಕೂ ಇದಕ್ಕೂ ಸಂಬಂಧವಿಲ್ಲ. ರಾತ್ರಿ ಹತ್ತೂವರೆಗೆ ಎರಡು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಬೀದಿಗಿಳಿದಾಗ ಒಂದು ರೈಲು ಬದಲಿಸುವುದೂ ಆಯಾಸವೇ.

ವಾರದ ನಡುವಿನ ದಿನ ಆರಿಸಿಕೊಳ್ಳಿ. ಮಂಗಳವಾರ, ಬುಧವಾರ, ಗುರುವಾರ. ಟಿಕೆಟ್ ಅಗ್ಗ. ಶನಿವಾರ, ಭಾನುವಾರಗಳಂದು ರೈಲು ಹಳಿ ದುರಸ್ತಿಯ ನೆಪದಲ್ಲಿ ನಿಮ್ಮ ಮಾರ್ಗ ಅರ್ಧಕ್ಕೇ ನಿಂತು ಬಸ್ಸಿನಲ್ಲಿ ಹೋಗಬೇಕಾದ ಪ್ರಸಂಗ ಈ ದೇಶದಲ್ಲಿ ಅಪರೂಪವಲ್ಲ. ಶುಕ್ರವಾರ, ಶನಿವಾರ ರಾತ್ರಿಯಿಡೀ ಓಡುವ ಟ್ಯೂಬ್ ಎಂಬ ಸುರಂಗ ರೈಲುಗಳ ಬಗ್ಗೆ ಯಾರಾದರೂ ಹೇಳಿದರೆ ಅದು ನಿಮಗೆ ಉಪಯೋಗವಿಲ್ಲ. ಆ ಸೌಲಭ್ಯ ಐದು ಹಳೆಯ ಮಾರ್ಗಗಳಲ್ಲಿದೆ, ಅವು ಸ್ಲೌ ತನಕ ಬರುವುದಿಲ್ಲ.

ಸಂಜೆಯ ಆಟ ಸಾಮಾನ್ಯವಾಗಿ ಏಳೂವರೆಗೆ ಶುರು. ನೀವು ಐದೂವರೆಗೆ ಮನೆ ಬಿಡಬೇಕು. ಎಂದರೆ ಮಗನಿಗೆ ರಾತ್ರಿಯೂಟ ಮಾಡಿಸಿ ಮಲಗಿಸುವ ಹೊಣೆ ಪೂರ್ತಿ ಅತ್ತೆಯವರದು. ಅವನು ಅವರ ಜೋಗುಳಕ್ಕೆ ಮಲಗುತ್ತಾನೆ ಎಂದು ಬರೆದಿದ್ದೀರಿ; ಆದರೆ ಆಗ ನೀವು ಪಕ್ಕದ ಕೋಣೆಯಲ್ಲಿದ್ದಿರಿ. ಟಿಕೆಟ್ ಕೊಳ್ಳುವ ಮೊದಲು ಒಂದೆರಡು ಸಂಜೆ ಇಬ್ಬರೂ ಮನೆಯಿಂದ ಹೊರಗೆ ಹೋಗಿ, ಸುಮ್ಮನೆ ಅಂಗಡಿಗಾದರೂ ಸರಿ, ಅವನು ಮಲಗಿದ ಮೇಲೆ ವಾಪಸು ಬನ್ನಿ. ಅದು ಸಲೀಸಾಗಿ ನಡೆದರೆ ಏಳೂವರೆಯ ಆಟಕ್ಕೆ ಧೈರ್ಯವಾಗಿ ಹೋಗಬಹುದು. ನಡೆಯದಿದ್ದರೆ ಮಧ್ಯಾಹ್ನದ ಆಟವಿದೆ. ಹೆಚ್ಚಿನ ನಾಟಕಗಳು ವಾರಕ್ಕೆ ಎಂಟು ಪ್ರದರ್ಶನ ಕೊಡುತ್ತವೆ, ಅವುಗಳಲ್ಲಿ ಎರಡಾದರೂ ಮಧ್ಯಾಹ್ನದವು. ಅದೇ ನಟರು, ಅದೇ ವಾದ್ಯಮೇಳ, ಕೆಲವೊಮ್ಮೆ ಕಡಿಮೆ ಬೆಲೆ. ಮಗ ಮಲಗುವ ಹೊತ್ತಿಗೆ ನೀವು ಮನೆಯಲ್ಲಿರುತ್ತೀರಿ. ದೀಪ ಹತ್ತಿದ ಬೀದಿಯಲ್ಲಿ ಕೈಹಿಡಿದು ನಡೆಯುವ ಸುಖ ಮಾತ್ರ ಸಿಗುವುದಿಲ್ಲ. ಡಿಸೆಂಬರಿನಲ್ಲಾದರೆ ಅದೂ ಸಿಗುತ್ತದೆ, ಇಲ್ಲಿ ನಾಲ್ಕು ಗಂಟೆಗೇ ಕತ್ತಲು.

ಈಗ ಹೆಸರುಗಳಿಗೆ ಬರೋಣ. ನಿಮ್ಮ ಗೆಳತಿಯರೆಲ್ಲ 'ಲೆ ಮಿಸರಾಬ್ಲ್' ಎಂದೇ ಹೇಳಿರುತ್ತಾರೆ. 1985ರ ಅಕ್ಟೋಬರಿನಲ್ಲಿ ಲಂಡನ್ನಿನ ಬಾರ್ಬಿಕನ್ ರಂಗಮಂದಿರದಲ್ಲಿ ಶುರುವಾದ ನಾಟಕ ಇವತ್ತಿಗೂ ನಡೆಯುತ್ತಿದೆ ಎಂದರೆ ಅದರಲ್ಲಿ ಸತ್ವ ಇದ್ದೇ ಇದೆ. ಸಂಗೀತದ ದೃಷ್ಟಿಯಿಂದ ನನಗೂ ಅದೇ ಮೇಲು. ಆದರೂ ನಿಮಗೆ ಈ ಸಲ ಬೇಡ ಎನ್ನುತ್ತೇನೆ. ಒಂದು, ಅದು ಮೂರು ತಾಸಿಗೆ ಹತ್ತು ನಿಮಿಷ ಕಡಿಮೆ. ಎರಡು, ಅದರ ಮೊದಲ ಅಂಕದಲ್ಲೇ ಒಬ್ಬಳು ತಾಯಿ ಪುಟ್ಟ ಮಗಳನ್ನು ಬೇರೆಯವರ ಮನೆಯಲ್ಲಿ ಬಿಟ್ಟು ದುಡಿಯಲು ಹೋಗುತ್ತಾಳೆ, ಮತ್ತೆ ಮಗುವಿನ ಮುಖ ನೋಡದೆ ಸಾಯುತ್ತಾಳೆ. ಆ ಮಗು ಪರರ ಮನೆಯಲ್ಲಿ ಕಸ ಗುಡಿಸುತ್ತ ಹಾಡುತ್ತದೆ. ಎರಡೂವರೆ ವರ್ಷದಲ್ಲಿ ಮೊದಲ ಬಾರಿಗೆ ಮಗುವನ್ನು ಬಿಟ್ಟು ಬಂದ ತಾಯಿಗೆ ಇದಕ್ಕಿಂತ ಕೆಟ್ಟ ಆಯ್ಕೆ ನನಗಂತೂ ಹೊಳೆಯುವುದಿಲ್ಲ. ಮಧ್ಯಂತರದಲ್ಲಿ ಫೋನು ಹಿಡಿದು ಅಳುತ್ತ ಮೆಟ್ಟಿಲ ಮೇಲೆ ನಿಂತವರನ್ನು ನಮ್ಮ ಕೆಲಸದಲ್ಲಿರುವವರೆಲ್ಲ ಕಂಡಿರುತ್ತಾರೆ. ಮಗ ಶಾಲೆಗೆ ಹೋಗಲು ಶುರು ಮಾಡಲಿ, ಆಗ ನೋಡಿ.

'ಹ್ಯಾಮಿಲ್ಟನ್' ಅಮೆರಿಕದ ಸ್ವಾತಂತ್ರ್ಯದ ಕಾಲದ ರಾಜಕಾರಣಿಯೊಬ್ಬನ ಕಥೆ, ಬಹುಪಾಲು ರ‍್ಯಾಪ್ ಶೈಲಿಯಲ್ಲಿ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಪದಗಳು ಎರಡೂಮುಕ್ಕಾಲು ತಾಸಿನಲ್ಲಿ ಹಾರಿ ಹೋಗುತ್ತವೆ. ಹುಟ್ಟು ಇಂಗ್ಲಿಷಿನವರೂ ಹಾಡುಗಳನ್ನು ಮೊದಲೇ ಕೇಳಿಕೊಂಡು ಬರುವ ನಾಟಕ ಅದು. ನಿಮ್ಮ ಪತಿ ಹತ್ತನೆಯ ನಿಮಿಷಕ್ಕೇ ಸೋಲೊಪ್ಪಿಕೊಂಡು ಕಣ್ಣು ಮುಚ್ಚುತ್ತಾರೆ.

ನನ್ನ ಮೊದಲ ಆಯ್ಕೆ 'ಮಮ್ಮಾ ಮಿಯಾ'. ವಿಮರ್ಶಕರು ಮೂಗು ಮುರಿಯುತ್ತಾರೆ, ಮುರಿಯಲಿ. ಸ್ವೀಡನ್ನಿನ ಅಬ್ಬಾ ತಂಡದ ಹಾಡುಗಳನ್ನು ಪೋಣಿಸಿ ಕಟ್ಟಿದ ಕಥೆ. 1999ರಿಂದ ಲಂಡನ್ನಿನಲ್ಲಿ ನಡೆಯುತ್ತಿದೆ. ಗ್ರೀಸಿನ ದ್ವೀಪವೊಂದರಲ್ಲಿ ಒಬ್ಬಂಟಿಯಾಗಿ ಮಗಳನ್ನು ಸಾಕಿದ ತಾಯಿ, ಮದುವೆಯ ಮುನ್ನಾದಿನದಲ್ಲಿರುವ ಮಗಳು, ತಂದೆ ಯಾರೆಂದು ತಿಳಿಯದೆ ಅವಳು ಗುಟ್ಟಾಗಿ ಕರೆಸಿಕೊಂಡ ಮೂವರು ಗಂಡಸರು. ಕಥೆಯ ಎಳೆ ಮಾತಿನಲ್ಲೇ ಸಾಗುತ್ತದೆ, ಹಾಡಿನ ಒಂದೆರಡು ಸಾಲು ತಪ್ಪಿದರೂ ನಷ್ಟವಿಲ್ಲ. ಎರಡನೆಯ ಅಂಕದಲ್ಲಿ ತಾಯಿ ಮಗಳ ಕೂದಲು ಬಾಚಿ ಮದುವೆಗೆ ಸಿದ್ಧಮಾಡುತ್ತ ಹಾಡುವ ಹಾಡೊಂದಿದೆ. ಅಲ್ಲಿ ನಿಮ್ಮ ಕಣ್ಣು ಒದ್ದೆಯಾಗುತ್ತದೆ, ಅಷ್ಟು ಇರಲಿ. ಕೊನೆಗೆ ನಟರು ಹೊಳೆಯುವ ಬಟ್ಟೆ ತೊಟ್ಟು ಬಂದು ಮತ್ತೆ ಹಾಡುತ್ತಾರೆ, ಜನರೆಲ್ಲ ಎದ್ದು ಕುಣಿಯುತ್ತಾರೆ. ಕಂಪನಿ ನಾಟಕದಲ್ಲಿ 'ಒನ್ಸ್ ಮೋರ್' ಎಂದು ಕೂಗಿದಾಗ ಸತ್ತು ಬಿದ್ದ ಪಾತ್ರವೂ ಎದ್ದು ಹಾಡುತ್ತಿದ್ದ ಕಥೆಗಳನ್ನು ಕೇಳಿ ಬೆಳೆದ ನನಗೆ ಆ ಗಳಿಗೆ ಬಹಳ ಇಷ್ಟ. ಹತ್ತು ಗಂಟೆ ಕಳೆದು ಐದು ಹತ್ತು ನಿಮಿಷಕ್ಕೆ ಆಟ ಮುಗಿಯುತ್ತದೆ, ಹನ್ನೊಂದೂವರೆಯ ಆಸುಪಾಸಿಗೆ ನೀವು ಮನೆಯಲ್ಲಿ.

ನಿದ್ದೆಯ ಭಯ ನಿಜವಾಗಿಯೂ ಇದ್ದರೆ 'ಸಿಕ್ಸ್' ನೋಡಿ. ಹದಿನಾರನೆಯ ಶತಮಾನದ ದೊರೆ ಎಂಟನೆಯ ಹೆನ್ರಿಯ ಆರು ಹೆಂಡತಿಯರು ಪಾಪ್ ಗಾಯಕಿಯರಂತೆ ಬಂದು, ತಮ್ಮಲ್ಲಿ ಯಾರು ಹೆಚ್ಚು ನೊಂದವರೆಂದು ಹಾಡಿನಲ್ಲೇ ಜಗಳವಾಡುತ್ತಾರೆ. ಎಂಬತ್ತು ನಿಮಿಷ, ಮಧ್ಯಂತರವಿಲ್ಲ, ಎದೆ ನಡುಗಿಸುವಷ್ಟು ಸದ್ದು. ನಿದ್ದೆ ಹೋಗುವುದು ಸಾಧ್ಯವೇ ಇಲ್ಲ. ಊಟ ಮಾಡಿಕೊಂಡು ಹೊರಟರೂ ಬೇಗ ಮನೆ ಸೇರಬಹುದು. ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡ ಜೇನ್ ಸೀಮೋರ್ ರಾಣಿಯ ಹಾಡು ನಡುವೆ ಬರುತ್ತದೆ ಎಂದು ಮೊದಲೇ ಹೇಳಿರುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಮಧ್ಯಂತರವಿಲ್ಲ ಎಂದರೆ ಎಂಬತ್ತು ನಿಮಿಷ ಮನೆಯ ಸುದ್ದಿಯೂ ಇಲ್ಲ. ಅದು ನಿಮಗೆ ಒಪ್ಪಿತವೆ ಎಂದು ಯೋಚಿಸಿ.

ಸುದ್ದಿಯ ಮಾತು ಬಂದದ್ದರಿಂದ ಫೋನಿನ ವಿಷಯವನ್ನೂ ಹೇಳಿಬಿಡುತ್ತೇನೆ. ಅತ್ತೆಯವರೊಂದಿಗೆ ಒಂದು ಒಪ್ಪಂದ ಮಾಡಿಕೊಳ್ಳಿ: ಮಗ ಮಲಗಿದಾಗ ಒಂದು ಸಂದೇಶ, ಅದನ್ನು ನೀವು ಮಧ್ಯಂತರದಲ್ಲಿ ನೋಡುತ್ತೀರಿ, ನಿಜವಾದ ತುರ್ತು ಇದ್ದರೆ ಮಾತ್ರ ಕರೆ, ಅದೂ ಬಿಡದೆ ಎರಡು ಸಲ. ಫೋನು ನಿಮ್ಮಿಬ್ಬರಲ್ಲಿ ಒಬ್ಬರ ಜೇಬಿನಲ್ಲಿ, ಸದ್ದಿಲ್ಲದೆ ಕಂಪಿಸುವಂತೆ ಇರಲಿ. ಇನ್ನೊಬ್ಬರದು ಪೂರ್ತಿ ಆರಿರಲಿ. ಕೈಗೆ ಕಟ್ಟುವ ಸ್ಮಾರ್ಟ್ ವಾಚನ್ನು ಎಲ್ಲರೂ ಮರೆಯುತ್ತಾರೆ. ಕೈ ಎತ್ತಿ ಚಪ್ಪಾಳೆ ತಟ್ಟುವಾಗಲೆಲ್ಲ ಅದು ಮಿಂಚುತ್ತದೆ. ಸಾಲಿನ ಅಂಚಿನ ಎರಡು ಸೀಟು ತೆಗೆದುಕೊಳ್ಳಿ. ಕರೆ ಬಂದರೆ ಹದಿನೈದು ಜನರ ಮೊಣಕಾಲು ದಾಟಬೇಕಾಗಿಲ್ಲ. ಬಾಗಿಲಲ್ಲಿರುವ ಸಿಬ್ಬಂದಿಗೆ "ಮನೆಯಲ್ಲಿ ಚಿಕ್ಕ ಮಗು ಇದೆ, ಎದ್ದು ಹೋಗಬೇಕಾಗಬಹುದು" ಎಂದು ಮೊದಲೇ ಹೇಳಿದರೆ ಮತ್ತೆ ಒಳಗೆ ಬರುವಾಗ ಯಾವ ಬಾಗಿಲು ಎಂದು ಅವರೇ ತೋರಿಸುತ್ತಾರೆ. ಇದನ್ನು ಕೇಳಲು ಸಂಕೋಚ ಬೇಡ, ನಾವಿರುವುದೇ ಅದಕ್ಕೆ.

ಸೀಟಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಣ ಹಾಳಾಗುವುದು ಇಲ್ಲೇ. ಈ ರಂಗಮಂದಿರಗಳಲ್ಲಿ ಹೆಚ್ಚಿನವು ನೂರು ವರ್ಷ ದಾಟಿದವು. ನೊವೆಲ್ಲೊ ಕಟ್ಟಿದ್ದು 1905ರಲ್ಲಿ, ಸೋಂಡ್‌ಹೈಮ್ 1907ರಲ್ಲಿ; ಎರಡಕ್ಕೂ ವಾಸ್ತುಶಿಲ್ಪಿ ಡಬ್ಲ್ಯು. ಜಿ. ಆರ್. ಸ್ಪ್ರೇಗ್. ಆಗಿನವರ ಕಾಲು ಗಿಡ್ಡವಿತ್ತೋ ಟಿಕೆಟ್ ಹೆಚ್ಚು ಮಾರಬೇಕೆಂಬ ಆಸೆ ದೊಡ್ಡದಿತ್ತೋ, ಕಾಲು ಚಾಚಲು ಜಾಗವಿಲ್ಲ. ನೆಲಮಟ್ಟದ ಆಸನಗಳಿಗೆ ಸ್ಟಾಲ್ಸ್ ಎನ್ನುತ್ತಾರೆ, ಅದರ ಮೇಲೆ ಡ್ರೆಸ್ ಸರ್ಕಲ್ ಅಥವಾ ರಾಯಲ್ ಸರ್ಕಲ್, ಅದರ ಮೇಲೆ ಅಪ್ಪರ್ ಅಥವಾ ಗ್ರ್ಯಾಂಡ್ ಸರ್ಕಲ್, ತುತ್ತತುದಿಯಲ್ಲಿ ಬಾಲ್ಕನಿ. ನಮ್ಮ ಸಿನಿಮಾ ಟಾಕೀಸುಗಳ ಲೆಕ್ಕದಲ್ಲಿ ಬಾಲ್ಕನಿ ಎಂದರೆ ಮೇಲುದರ್ಜೆ ಎಂದು ಕೊಳ್ಳಬೇಡಿ; ಇಲ್ಲಿ ಅದು ಅತ್ಯಂತ ಅಗ್ಗದ, ಅತ್ಯಂತ ಕಡಿದಾದ ಜಾಗ. ತಲೆ ಸುತ್ತುವವರು ಅಲ್ಲಿಗೆ ಹೋಗಲೇಬಾರದು.

ಸ್ಟಾಲ್ಸಿನ ಹಿಂದಿನ ಸಾಲುಗಳಲ್ಲಿ ಮೇಲಿನ ಅಂತಸ್ತು ಮುಂದಕ್ಕೆ ಚಾಚಿರುತ್ತದೆ. ರಂಗದ ಮೇಲ್ಭಾಗ ಕಾಣುವುದಿಲ್ಲ. ಎತ್ತರದಲ್ಲಿ ಏನಾದರೂ ನಡೆಯುವ ನಾಟಕಕ್ಕೆ ಆ ಸೀಟು ಕೊಂಡರೆ ನಟರ ಪಾದ ಮಾತ್ರ ನೋಡಬೇಕಾದೀತು. ಸ್ಟಾಲ್ಸಿನ ತೀರ ಮುಂದಿನ ಸಾಲೂ ಬೇಡ, ಕತ್ತು ನೋಯುತ್ತದೆ. ನನ್ನನ್ನು ಕೇಳಿದರೆ ಡ್ರೆಸ್ ಸರ್ಕಲ್ಲಿನ ಮೊದಲ ನಾಲ್ಕೈದು ಸಾಲು, ನಡುವಿನ ಭಾಗ, ಅದರಲ್ಲೂ ಸಾಲಿನ ಅಂಚು. ಅದು ಸಿಗದಿದ್ದರೆ ಸ್ಟಾಲ್ಸಿನ ನಡುವೆ. 'ದಿ ಲಯನ್ ಕಿಂಗ್' ಒಂದೇ ಇದಕ್ಕೆ ಹೊರತು. ಅದರಲ್ಲಿ ಶುರುವಿಗೇ ಪ್ರಾಣಿಗಳ ಮೆರವಣಿಗೆ ಪ್ರೇಕ್ಷಕರ ನಡುವಿನ ದಾರಿಯಲ್ಲೇ ಬರುವುದರಿಂದ ಸ್ಟಾಲ್ಸಿನ ದಾರಿಬದಿಯ ಸೀಟೇ ಚೆನ್ನ. ಟಿಕೆಟಿನ ಮೇಲೆ ‘ರಿಸ್ಟ್ರಿಕ್ಟೆಡ್ ವ್ಯೂ’ ಎಂದಿದ್ದರೆ ಎದುರಿಗೆ ಕಂಬವೋ ಕಂಬಿಯೋ ಇದೆ ಎಂದರ್ಥ. ಕೊಳ್ಳುವ ಮುನ್ನ ಸೀಟ್‌ಪ್ಲ್ಯಾನ್ ಎಂಬ ಜಾಲತಾಣದಲ್ಲಿ ಆ ಸೀಟಿನಿಂದ ಜನರೇ ತೆಗೆದ ಚಿತ್ರಗಳನ್ನು ನೋಡಿ. ಕೆಲವು ಕಂಬಗಳು ನಿಜಕ್ಕೂ ಅಡ್ಡಿ, ಕೆಲವು ಹೆಸರಿಗೆ ಮಾತ್ರ.

ಬೆಲೆ ಮೂವತ್ತು ಪೌಂಡಿನ ಸುಮಾರಿನಿಂದ ನೂರೈವತ್ತನ್ನೂ ದಾಟಿ ಹೋಗುತ್ತದೆ. ವಿಮಾನದ ಟಿಕೆಟಿನಂತೆ ದಿನಕ್ಕೊಂದು ದರ. ಕೊಳ್ಳುವುದು ರಂಗಮಂದಿರದ ಅಥವಾ ಆ ನಾಟಕದ ಸ್ವಂತ ಜಾಲತಾಣದಲ್ಲೇ ಇರಲಿ. ಹುಡುಕಿದಾಗ ಮೊದಲು ಬರುವ ಜಾಹೀರಾತು ಕೊಂಡಿಗಳು ಎಷ್ಟೋ ಸಲ ಮರುಮಾರಾಟದವರವು, ಅವರು ಮೇಲೆ ಎಷ್ಟು ಸೇರಿಸಿದ್ದಾರೆಂಬುದು ಕೊನೆಯ ಪುಟದ ತನಕ ಕಾಣುವುದಿಲ್ಲ. ಲೆಸ್ಟರ್ ಸ್ಕ್ವೇರಿನ ಟಿ.ಕೆ.ಟಿ.ಎಸ್. ಕಿಟಕಿಯಲ್ಲಿ ಆ ದಿನದ ಮತ್ತು ಹತ್ತಿರದ ದಿನಗಳ ಟಿಕೆಟ್ ರಿಯಾಯಿತಿಯಲ್ಲಿ ಸಿಗುತ್ತದೆ. ಟುಡೇಟಿಕ್ಸ್ ಆ್ಯಪಿನಲ್ಲಿ ಕೆಲವು ನಾಟಕಗಳು ಅದೇ ದಿನದ ಅಗ್ಗದ ಸೀಟುಗಳನ್ನು ಬೆಳಿಗ್ಗೆ ಬಿಡುತ್ತವೆ. ಹುಡುಗ ಹುಡುಗಿಯರಿಗೆ ಇದೆಲ್ಲ ಸರಿ. ಮಗುವನ್ನು, ಅತ್ತೆಯವರನ್ನು, ಪತಿಯ ಕಚೇರಿಯ ರಜೆಯನ್ನು ಹೊಂದಿಸಿಕೊಂಡು ಹೊರಡುವ ನೀವು ಅದೃಷ್ಟವನ್ನು ನಂಬಿ ಕೂರಬೇಡಿ. ಎರಡು ಮೂರು ವಾರ ಮೊದಲೇ ನಡುಬೆಲೆಯ ಎರಡು ಒಳ್ಳೆಯ ಸೀಟು ಕೊಂಡುಬಿಡಿ. ಆ ದಿನ ಮಗನಿಗೆ ಜ್ವರ ಬಂದರೆ ಹಣ ವಾಪಸಾಗುವ ಖಾತರಿ ಇಲ್ಲ, ಆದರೆ ಮುಂಚಿತವಾಗಿ ಫೋನು ಮಾಡಿ ವಿನಂತಿಸಿದರೆ ದಿನ ಬದಲಿಸಿಕೊಡುವವರೂ ಇದ್ದಾರೆ.

ಇಂಗ್ಲಿಷ್ ಅರ್ಥವಾಗುತ್ತದೋ ಇಲ್ಲವೋ ಎಂಬ ಚಿಂತೆಗೆ ಎರಡು ಉಪಾಯ. ಕಥೆಯನ್ನು ಮೊದಲೇ ಓದಿಕೊಂಡು ಹೋಗಿ. ಕಥೆ ಗೊತ್ತಾದರೆ ಸ್ವಾರಸ್ಯ ಹೋಗುತ್ತದೆ ಎಂಬುದು ಪತ್ತೇದಾರಿ ನಾಟಕಕ್ಕೆ ಮಾತ್ರ ನಿಜ. ಯಕ್ಷಗಾನದ ಪ್ರಸಂಗ ಗೊತ್ತಿಲ್ಲದೆ ಆಟಕ್ಕೆ ಹೋದವರು ಯಾರಿದ್ದಾರೆ? ಎರಡನೆಯದು, ಹೆಚ್ಚಿನ ದೊಡ್ಡ ನಾಟಕಗಳು ಆಗೊಮ್ಮೆ ಈಗೊಮ್ಮೆ ಮಾತು ಮತ್ತು ಹಾಡನ್ನು ರಂಗದ ಪಕ್ಕದ ಫಲಕದಲ್ಲಿ ಅಕ್ಷರಗಳಲ್ಲಿ ತೋರಿಸುವ ಪ್ರದರ್ಶನ ಕೊಡುತ್ತವೆ. ಕಿವಿ ಮಂದವಿರುವವರಿಗಾಗಿ ಇರುವ ವ್ಯವಸ್ಥೆ ಅದು. ಎರಡನೆಯ ಭಾಷೆಯಲ್ಲಿ ನಾಟಕ ನೋಡುವವರಿಗೂ ವರದಾನ. ಜಾಲತಾಣದಲ್ಲಿ ‘ಕ್ಯಾಪ್ಶನ್ಡ್’ ಎಂದು ದಿನಾಂಕ ಕೊಟ್ಟಿರುತ್ತಾರೆ. ಫಲಕ ಕಾಣುವ ಬದಿಯ ಸೀಟನ್ನು ಕೇಳಿ ತೆಗೆದುಕೊಳ್ಳಿ.

ಸೀರೆ ಉಡಿ. ಇಲ್ಲಿ ಉಡುಪಿನ ನಿಯಮವೇ ಇಲ್ಲ. ಒಂದೇ ಸಾಲಿನಲ್ಲಿ ಜೀನ್ಸ್ ತೊಟ್ಟವರೂ ಮುತ್ತಿನ ಹಾರ ಹಾಕಿದವರೂ ಕೂತಿರುತ್ತಾರೆ. ಎರಡೂವರೆ ವರ್ಷ ಹಾಲು, ಅನ್ನದ ಕಲೆಯ ಬಟ್ಟೆಯಲ್ಲಿ ಕಳೆದವರು ಒಂದು ಸಂಜೆ ರೇಷ್ಮೆ ಉಡುವುದು ಆಭಾಸವಾದರೆ ಯಾವುದು ಆಭಾಸವಲ್ಲ? ಆದರೆ ಸೀಟು ಇಕ್ಕಟ್ಟು, ಮೆಟ್ಟಿಲು ಕಡಿದು. ದಪ್ಪ ಜರಿಯ ಸೀರೆಗಿಂತ ಮೈಸೂರು ರೇಷ್ಮೆಯಂಥ ಹಗುರವಾದದ್ದು ಮೇಲು, ಚಪ್ಪಲಿ ಎತ್ತರದ ಹಿಮ್ಮಡಿಯದು ಬೇಡ. ದೊಡ್ಡ ಚೀಲ ತರಬೇಡಿ, ಬಾಗಿಲಲ್ಲಿ ತಪಾಸಣೆ ಇರುತ್ತದೆ.

ಊಟದ ವಿಷಯದಲ್ಲಿ ಒಂದೇ ಮಾತು: ಹೊಟ್ಟೆ ಬಿರಿಯ ತಿಂದು ಬರಬೇಡಿ. ಪತಿಯವರ ನಿದ್ದೆಗೆ ಕತ್ತಲೆಗಿಂತ ಅನ್ನ ದೊಡ್ಡ ಕಾರಣವಿರಬಹುದು.

ಆಟಕ್ಕೆ ಅರ್ಧ ಗಂಟೆ ಮೊದಲೇ ಒಳಗಿರಿ. ತಡವಾದರೆ ಸೂಕ್ತ ವಿರಾಮ ಸಿಗುವ ತನಕ, ಕೆಲವೊಮ್ಮೆ ಮಧ್ಯಂತರದ ತನಕ, ಹೊರಗೇ ನಿಲ್ಲಿಸುತ್ತಾರೆ. ಬೇಗ ಬಂದರೆ ಇನ್ನೊಂದು ಲಾಭವಿದೆ, ಹೆಂಗಸರಿಗೆ ಮುಖ್ಯವಾಗಿ. ನೂರು ವರ್ಷದ ಹಿಂದಿನ ಆ ವಾಸ್ತುಶಿಲ್ಪಿಗಳು ಹೆಂಗಸರ ಶೌಚಾಲಯದ ಬಗ್ಗೆ ಯೋಚಿಸಿದಂತೆ ಕಾಣುವುದಿಲ್ಲ. ಇಪ್ಪತ್ತು ನಿಮಿಷದ ಮಧ್ಯಂತರದಲ್ಲಿ ಸಾಲು ಮೆಟ್ಟಿಲು ಹತ್ತಿ, ಬಾರನ್ನು ಸುತ್ತಿ ಬಂದಿರುತ್ತದೆ. ಶುರುವಾಗುವ ಮೊದಲೇ ಹೋಗಿ ಬನ್ನಿ. ಮಧ್ಯಂತರವನ್ನು ಅತ್ತೆಯವರ ಸಂದೇಶ ಓದಲು, ಐಸ್‌ಕ್ರೀಮ್ ತಿನ್ನಲು ಇಟ್ಟುಕೊಳ್ಳಿ. ಪುಟ್ಟ ಡಬ್ಬಿಯ ಐಸ್‌ಕ್ರೀಮನ್ನು ಸೀಟಿನ ಬಳಿಗೇ ತಂದು ಮಾರುತ್ತಾರೆ, ಬೆಲೆ ಅನ್ಯಾಯದ್ದು, ಆದರೂ ತಿನ್ನಲೇಬೇಕು. ಆಗ ರಂಗದ ಮುಂದೆ ದಪ್ಪನೆಯ ಇನ್ನೊಂದು ಪರದೆ ಇಳಿಯುವುದನ್ನು ಗಮನಿಸಿ. ಅದು ಬೆಂಕಿ ತಡೆಯುವ ಪರದೆ. ಅದು ಸರಿಯಾಗಿ ಕೆಲಸ ಮಾಡುತ್ತದೆಂದು ಪ್ರೇಕ್ಷಕರ ಎದುರೇ ತೋರಿಸಬೇಕೆಂಬ ನಿಯಮ ಇಲ್ಲಿನದು. 1887ರಲ್ಲಿ ಎಕ್ಸಿಟರ್ ನಗರದ ರಂಗಮಂದಿರಕ್ಕೆ ಬೆಂಕಿ ಬಿದ್ದು ನೂರೆಂಬತ್ತಕ್ಕೂ ಹೆಚ್ಚು ಜನ ಸತ್ತರು. ಇಂಥ ನಿಯಮಗಳು ಬಿಗಿಯಾದದ್ದು ಆ ಬಗೆಯ ದುರಂತಗಳ ಬಳಿಕ.

ಪೋಸ್ಟರಿನಲ್ಲಿರುವ ನಟಿಯೇ ಆ ದಿನ ಇರುತ್ತಾಳೆಂಬ ಭರವಸೆ ಬೇಡ. ವಾರಕ್ಕೆ ಎಂಟು ಆಟ ಎಂದರೆ ಗಂಟಲು ಬಿದ್ದುಹೋಗುತ್ತದೆ. ಬದಲಿ ನಟರು ಪ್ರತಿ ಪಾತ್ರಕ್ಕೂ ಸಿದ್ಧರಿರುತ್ತಾರೆ, ಕೆಲವರು ಏಳೆಂಟು ಪಾತ್ರಗಳನ್ನು ಬಾಯಿಪಾಠ ಮಾಡಿಕೊಂಡು ಯಾವ ಸಂಜೆ ಯಾವುದಕ್ಕೆ ಕರೆ ಬಂದರೂ ರಂಗಕ್ಕೆ ಹೋಗುತ್ತಾರೆ. ನನ್ನ ಅನುಭವದಲ್ಲಿ ಅಂಥವರ ಆಟದಲ್ಲೇ ಕಿಡಿ ಹೆಚ್ಚು.

ಕೊನೆಗೆ ನಿಮ್ಮ ಅತ್ತೆ. ಅವರಿಗೆ ‘ಫ್ಯಾಂಟಮ್ ಆಫ್ ದಿ ಆಪೆರಾ’ ತೋರಿಸಿ, ಮಧ್ಯಾಹ್ನದ ಆಟ. ಪ್ಯಾರಿಸ್ಸಿನ ರಂಗಮಂದಿರದ ನೆಲಮಾಳಿಗೆಯಲ್ಲಿ ಅಡಗಿರುವ ಮುಖವಾಡದ ಮನುಷ್ಯ, ಅವನು ಪ್ರೀತಿಸುವ ಗಾಯಕಿ. ಇಷ್ಟು ಹೇಳಿದರೆ ಉಳಿದದ್ದು ಕಣ್ಣಿಗೇ ತಿಳಿಯುತ್ತದೆ. 1986ರಿಂದ ನಡೆಯುತ್ತಿರುವ ಈ ನಾಟಕದಲ್ಲಿ ನೆಲದಿಂದ ದೀಪಸ್ತಂಭಗಳು ಏಳುತ್ತವೆ, ಮಂಜಿನ ನಡುವೆ ದೋಣಿ ಸಾಗುತ್ತದೆ, ಮೊದಲ ಅಂಕದ ಕೊನೆಗೆ ಪ್ರೇಕ್ಷಕರ ತಲೆಯ ಮೇಲಿನ ದೊಡ್ಡ ತೂಗುದೀಪ ಕಳಚಿ ಬೀಳುತ್ತದೆ. ಕಂಪನಿ ನಾಟಕದ ಟ್ರಿಕ್ ಸೀನುಗಳನ್ನು ನೋಡಿ ಬೆಳೆದವರಿಗೆ ಇದು ಅಪರಿಚಿತ ಲೋಕವೇ ಅಲ್ಲ. ಬರೆದ ಪರದೆ, ಸೈಡ್ ವಿಂಗು, ನೆಲ ಬಿರಿದು ಪಾತ್ರ ಮಾಯವಾಗುವ ಉಪಾಯ ಎಲ್ಲ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ರಂಗಭೂಮಿಯಿಂದ ಮುಂಬಯಿಯ ಪಾರ್ಸಿ ಕಂಪನಿಗಳಿಗೆ, ಅಲ್ಲಿಂದ ನಮ್ಮ ಗುಬ್ಬಿ ಕಂಪನಿಯಂಥವಕ್ಕೆ ಬಂದದ್ದು. ಹಿಸ್ ಮೆಜೆಸ್ಟೀಸ್ ರಂಗಮಂದಿರ 1897ರದು. ಅದರ ರಂಗದ ಅಡಿಯಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಮರದ ಯಂತ್ರಗಳು ಇಂದಿಗೂ ಉಳಿದಿವೆ. ಇದನ್ನು ಅವರಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಗುಬ್ಬಿ ಕಂಪನಿಯಲ್ಲಿ ಇದಕ್ಕಿಂತ ಚೆನ್ನಾಗಿತ್ತು ಎಂದು ಅವರು ತೀರ್ಪು ಕೊಟ್ಟರೆ ವಾದಕ್ಕೆ ಇಳಿಯಬೇಡಿ. ಆ ಮಧ್ಯಾಹ್ನ ಮಗುವಿನ ಸರದಿ ನಿಮ್ಮ ಪತಿಯದು. ಇಬ್ಬರೂ ಒಟ್ಟಿಗೆ ನಿದ್ದೆ ಮಾಡಬಹುದು.

ಮಂಡಿನೋವಿನವರಿಗೆ ಜಾಲತಾಣದಲ್ಲಿ ಸೀಟು ಕೊಳ್ಳಬೇಡಿ. ಹಳೆಯ ಕಟ್ಟಡಗಳಲ್ಲಿ ಸ್ಟಾಲ್ಸ್ ಎಷ್ಟೋ ಸಲ ಬೀದಿಮಟ್ಟಕ್ಕಿಂತ ಕೆಳಗಿರುತ್ತದೆ, ಎರಡು ಮೂರು ಸುತ್ತು ಮೆಟ್ಟಿಲಿಳಿಯಬೇಕು. ಲಿಫ್ಟ್ ಇರುವುದು ಅಪರೂಪ. ಪ್ರತಿ ರಂಗಮಂದಿರಕ್ಕೂ ಇಂಥ ಪ್ರೇಕ್ಷಕರಿಗಾಗಿಯೇ ಪ್ರತ್ಯೇಕ ಫೋನ್ ಸಂಖ್ಯೆ ಇರುತ್ತದೆ, ಜಾಲತಾಣದ ‘ಆ್ಯಕ್ಸೆಸ್’ ಪುಟದಲ್ಲಿ ಸಿಗುತ್ತದೆ. ಅದಕ್ಕೆ ಕರೆ ಮಾಡಿ, ಎಷ್ಟು ಮೆಟ್ಟಿಲು ಹತ್ತಬಲ್ಲರು, ಕಾಲು ಮಡಿಸಿ ಎಷ್ಟು ಹೊತ್ತು ಕೂರಬಲ್ಲರು ಎಂದು ಬಿಡಿಸಿ ಹೇಳಿ. ಬೀದಿಯ ಬಾಗಿಲಿನಿಂದ ಅತಿ ಕಡಿಮೆ ಮೆಟ್ಟಿಲಿರುವ ಸಾಲಿನ ಅಂಚಿನ ಸೀಟು, ಹತ್ತಿರದ ಶೌಚಾಲಯ, ಒಳಬರಲು ಬೇರೆ ಬಾಗಿಲು ಇದ್ದರೆ ಅದು, ಎಲ್ಲವನ್ನೂ ಅವರೇ ಹೊಂದಿಸುತ್ತಾರೆ. ಜೊತೆಗೆ ಬರುವವರಿಗೆ ರಿಯಾಯಿತಿ ಇದೆಯೆ ಎಂದೂ ಆಗಲೇ ಕೇಳಿಕೊಳ್ಳಿ.